ಸುದ್ದಿ ನೋಡುವಾಗ ಮನಸ್ಸು ನೆಲದ ಮೇಲಿರಲಿ: ಬೌದ್ಧ ಸ್ಮೃತಿ ಸಾಧನೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟೆಯ ನಮ್ಮ ಮನೆಯ ಜಗಲಿಯಲ್ಲಿ ಭಾನುವಾರ ಸಂಜೆ ಒಂದಷ್ಟು ಜನ ಕೂತು ಬೌದ್ಧರ ಸ್ಮೃತಿ ಧ್ಯಾನ, ಎಂದರೆ ಈಗ ಆಗುತ್ತಿರುವುದನ್ನು ಎಚ್ಚರದಿಂದ ಗಮನಿಸುವ ಧ್ಯಾನ, ಮಾಡುತ್ತೇವೆ. ಧ್ಯಾನಕ್ಕಿಂತ ಆಮೇಲಿನ ಮಾತೇ ಉದ್ದ. ಆ ಮಾತಿನಲ್ಲಿ, ಶಿರಸಿ, ಅಂಕೋಲಾ, ಕಾರವಾರದ ಕಡೆಯಿಂದ ಬರುವ ಪತ್ರಗಳಲ್ಲಿ, ಫೋನಿನಲ್ಲಿ, ಸುದ್ದಿ ನೋಡಿ ಕಲಕುವ ಮನಸ್ಸಿನ ಬಗ್ಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ನಾನು ಭಿಕ್ಷುಣಿಯೂ ಅಲ್ಲ, ವೈದ್ಯೆಯೂ ಅಲ್ಲ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು, ಬುದ್ಧನ ಸುತ್ತಗಳನ್ನು, ಎಂದರೆ ಉಪದೇಶಗಳನ್ನು, ಓದುವ ಹುಚ್ಚಿನವಳು.

## ಹೊಸಬರ ಪ್ರಶ್ನೆಗಳು

ಅಕ್ಕೋರೇ, ಸುದ್ದಿ ನೋಡೂದೇ ಬಿಟ್ರೆ ಆಯ್ತಲ್ಲ? ಅದಕ್ಕೆ ಧ್ಯಾನ ಯಾಕೆ?

ನಮ್ಮ ಜಿಲ್ಲೆಯಲ್ಲಿ ಅದು ಆಗುವ ಮಾತಲ್ಲ. ಕದ್ರಾ ಅಣೆಕಟ್ಟಿನಿಂದ ನೀರು ಬಿಡುತ್ತಾರೆಂದರೆ ಕಾಳಿ ದಂಡೆಯವರಿಗೆ, ಲಿಂಗನಮಕ್ಕಿ ತುಂಬಿತೆಂದರೆ ಶರಾವತಿ ಕೆಳದಂಡೆಯ ಹೊನ್ನಾವರದವರಿಗೆ ಗೊತ್ತಾಗಲೇಬೇಕು. ದೋಣಿ ಇಳಿಸುವವರಿಗೆ ಹವಾಮಾನ ಇಲಾಖೆಯ ಮಾತು ಬೇಕು. ಸಿದ್ದಾಪುರದ ಕಡೆ ಕಾಡಿಗೆ ಹೋಗುವವರಿಗೆ ಮಂಗನ ಕಾಯಿಲೆಯ ಸುದ್ದಿ ಬೇಕು. ಶಿರಸಿಯ ತೋಟದವರಿಗೆ ಅಡಿಕೆ ದರ ನೋಡದಿದ್ದರೆ ಚಹಾ ಇಳಿಯುವುದಿಲ್ಲ.

ಬಿಡಬಹುದಾದ ಸುದ್ದಿಯೂ ರಾಶಿ ಇದೆ, ನಿಜ. ಆದರೆ ಯಾವುದು ಬೇಕು, ಯಾವುದು ಬೇಡ ಎಂದು ಆರಿಸುವುದಕ್ಕೂ ತಲೆ ತಣ್ಣಗಿರಬೇಕಲ್ಲ. ಗಾಬರಿಯಲ್ಲಿರುವವನಿಗೆ ಎಲ್ಲವೂ ಬೇಕೇ ಬೇಕು ಅನ್ನಿಸುತ್ತದೆ.

ಬುದ್ಧನ ಕಾಲದಲ್ಲಿ ಟಿವಿ ಇರ್ಲಿಲ್ಲ, ಮೊಬೈಲ್ ಇರ್ಲಿಲ್ಲ. ಅವನಿಗೆಂತ ಗೊತ್ತು ನಮ್ಮ ತಾಪತ್ರಯ?

ಸುದ್ದಿ ಧಾರಾಳವಾಗಿತ್ತು. ಸಂಯುತ್ತ ನಿಕಾಯ ಎಂಬ ಸುತ್ತಗಳ ಸಂಗ್ರಹದಲ್ಲಿ ಒಂದು ಪ್ರಸಂಗ ಬರುತ್ತದೆ. ಮಗಧದ ಅಜಾತಶತ್ರು ಕೋಸಲದ ಪಸೇನದಿಯ ಮೇಲೆ ದಂಡೆತ್ತಿ ಬರುತ್ತಾನೆ. ಪಸೇನದಿ ಸೋತು ಶ್ರಾವಸ್ತಿಗೆ ಹಿಂದಿರುಗುತ್ತಾನೆ. ಬೆಳಿಗ್ಗೆ ಊರೊಳಗೆ ಭಿಕ್ಷೆಗೆ ಹೋದ ಭಿಕ್ಷುಗಳು ಈ ಸುದ್ದಿಯನ್ನು ತಂದು ಬುದ್ಧನಿಗೆ ಹೇಳುತ್ತಾರೆ. ಪಸೇನದಿ ಬುದ್ಧನಿಗೆ ಬೇಕಾದವನು. ಆದರೂ ಬುದ್ಧ ಅಯ್ಯೋ ಅನ್ನುವುದಿಲ್ಲ, ಅಜಾತಶತ್ರುವನ್ನು ಬೈಯುತ್ತ ಕೂರುವುದೂ ಇಲ್ಲ. ಇವತ್ತು ರಾತ್ರಿ ಪಸೇನದಿ ದುಃಖದಲ್ಲಿ ಮಲಗುತ್ತಾನೆ ಎನ್ನುತ್ತಾನೆ. ಗೆಲುವು ವೈರವನ್ನು ಹೆರುತ್ತದೆ, ಸೋತವನಿಗೆ ನೋವಿನ ನಿದ್ದೆ ಎನ್ನುತ್ತಾನೆ. ಮುಂದಿನ ಯುದ್ಧದಲ್ಲಿ ಪಸೇನದಿ ಗೆದ್ದು ಅಜಾತಶತ್ರುವನ್ನು ಜೀವಂತ ಹಿಡಿದು, ಸೈನ್ಯ ಕಿತ್ತುಕೊಂಡು, ಅವನನ್ನು ಬಿಟ್ಟುಬಿಡುತ್ತಾನೆ. ಆಗಲೂ ಬುದ್ಧ ಜೈ ಅನ್ನಲಿಲ್ಲ. ಕೊಳ್ಳೆ ಹೊಡೆದವನನ್ನು ಇನ್ನೊಬ್ಬ ಕೊಳ್ಳೆ ಹೊಡೆಯುತ್ತಾನೆ ಎಂದ.

ನನಗೆ ಈ ಪ್ರಸಂಗ ಬಹಳ ಇಷ್ಟ. ಸುದ್ದಿ ಕೇಳಿದ್ದಾನೆ, ಯಾರಿಗೆ ಎಷ್ಟು ನೋವಾಯಿತೆಂದು ನೋಡಿದ್ದಾನೆ, ಮುಂದೆ ಇದು ಎಲ್ಲಿಗೆ ಹೋಗುತ್ತದೆಂದೂ ನೋಡಿದ್ದಾನೆ.

ಇನ್ನೊಂದು ಕಡೆ, ಭಿಕ್ಷುಗಳು ಸೇರಿದಲ್ಲಿ ಹರಟಬಾರದ ವಿಷಯಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ: ರಾಜರು, ಕಳ್ಳರು, ಮಂತ್ರಿಗಳು, ಸೈನ್ಯ, ಭಯ, ಯುದ್ಧ, ಅನ್ನಪಾನ, ಬಟ್ಟೆ, ವಾಹನ, ಊರು, ಪಟ್ಟಣ, ಬೀದಿಯ ಮಾತು, ನೀರು ಸೇದುವಲ್ಲಿನ ಮಾತು. ರಾತ್ರಿ ಒಂಬತ್ತರ ಚಾನೆಲ್‌ನಲ್ಲಿ ಇದರಾಚೆ ಏನಾದರೂ ಬರುತ್ತದಾ ನೋಡಿ. ಇದು ಸನ್ಯಾಸಿಗಳಿಗೆ ಹೇಳಿದ್ದು. ಕವಳದ ಬಟ್ಟಲು ಮುಂದಿಟ್ಟುಕೊಂಡು ಜಗಲಿಯಲ್ಲಿ ಕೂರುವ ಸಂಸಾರಸ್ಥರಿಗೆ ಅಷ್ಟು ಕಟ್ಟುನಿಟ್ಟಿಲ್ಲ.

ಮನಸ್ಸು ಖಾಲಿ ಮಾಡೂದು ಅಂದ್ರೆ ಹ್ಯಾಂಗೆ? ನಂಗೆ ಒಂದು ನಿಮಿಷವೂ ಆಗೂದಿಲ್ಲ.

ಯಾರಿಗೂ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಸತಿಪಟ್ಠಾನ ಸುತ್ತದಲ್ಲಿ ಗಮನ ಇಡಲು ನಾಲ್ಕು ಜಾಗ ಹೇಳಿದೆ: ದೇಹ, ವೇದನೆ (ಬರೀ ನೋವಲ್ಲ, ಹಿತ ಅಹಿತದ ಅನಿಸಿಕೆ), ಚಿತ್ತ, ಧರ್ಮ (ಇಲ್ಲಿ ಮನಸ್ಸಿಗೆ ತೋರುವ ವಿಷಯಗಳು). ಚಿತ್ತದ ಭಾಗದಲ್ಲಿ ದ್ವೇಷವಿರುವ ಮನಸ್ಸನ್ನು ದ್ವೇಷವಿರುವ ಮನಸ್ಸೆಂದು ತಿಳಿಯಬೇಕು ಎಂದಿದೆ. ಮೊದಲು ತೊಳೆದುಕೊಂಡು ಬಾ ಎಂದಿಲ್ಲ. ಸುದ್ದಿ ನೋಡಿ ಕುದಿಯುತ್ತಿರುವ ತಲೆಯೊಂದಿಗೇ ಕೂರಬಹುದು.

ಇದಕ್ಕೆ ಬೌದ್ಧ ಆಗ್ಬೇಕಾ? ಮನೆದೇವರು, ಪೂಜೆ ಎಲ್ಲ ಬಿಡ್ಬೇಕಾ?

ಬೇಡ. ನಮ್ಮ ಬಳಗದಲ್ಲಿ ಸಂಧ್ಯಾವಂದನೆ ಮುಗಿಸಿ ಬರುವವರಿದ್ದಾರೆ, ಚರ್ಚಿನಿಂದ ನೇರ ಬರುವವರೂ ಇದ್ದಾರೆ. ಹೊರಗಿನದು ಎಂಬ ಅಳುಕಿದ್ದರೆ ಒಂದು ಮಾತು: ಅಶೋಕನ ಕಾಲದಲ್ಲಿ ನಡೆದ ಭಿಕ್ಷುಗಳ ಮಹಾಸಭೆಯ, ಎಂದರೆ ಮೂರನೆಯ ಸಂಗೀತಿಯ ನಂತರ ರಕ್ಖಿತ ಎಂಬ ಹಿರಿಯ ಭಿಕ್ಷುವನ್ನು ವನವಾಸ ಎಂಬ ಸೀಮೆಗೆ ಧರ್ಮ ಹೇಳಲು ಕಳಿಸಿದರೆಂದು ಸಿಂಹಳದ ಹಳೆಯ ಚರಿತ್ರೆ ಮಹಾವಂಶ ಹೇಳುತ್ತದೆ. ಅದು ನಮ್ಮ ಶಿರಸಿ ತಾಲೂಕಿನ ಬನವಾಸಿ ಸೀಮೆಯೆಂದೇ ಬಹಳ ವಿದ್ವಾಂಸರ ಅಭಿಪ್ರಾಯ. ಈ ವಿದ್ಯೆ ನಮ್ಮ ಘಟ್ಟ ಹತ್ತಿ ಎರಡು ಸಾವಿರ ವರ್ಷದ ಮೇಲಾಯಿತು.

## ದಿನದ ರೂಢಿ

ಮೊಬೈಲ್ ಕೈಲಿರುವಾಗ ಎಂತ ಮಾಡ್ಬೇಕು, ಅದನ್ನ ಹೇಳಿ. ರಸ್ತೆಬದಿ ಕಣ್ಣು ಮುಚ್ಚಿ ಕೂರೂಕೆ ಆಗೂದಿಲ್ಲ.

ಒಂದೇ ಉತ್ತರ ಓದುವಷ್ಟು ಪುರುಸೊತ್ತಿರುವವರು ಇದನ್ನು ಓದಿ.

ಕಣ್ಣಿಗೆ ರೂಪ, ಕಿವಿಗೆ ಶಬ್ದ ತಾಗುವುದು ಸ್ಪರ್ಶ. ಸ್ಪರ್ಶದಿಂದ ವೇದನೆ, ವೇದನೆಯಿಂದ ತೃಷ್ಣೆ. ದುಃಖ ಹುಟ್ಟುವ ಬಗೆಗೆ ಬುದ್ಧ ಕೊಟ್ಟ ಸರಪಳಿಯಲ್ಲಿ ನಮಗೆ ಈ ಮೂರು ಕೊಂಡಿ ಸಾಕು. ವೇದನೆ ಮೂರೇ ಬಗೆ: ಹಿತ, ಅಹಿತ, ಎರಡೂ ಅಲ್ಲದ್ದು. ಸ್ಪರ್ಶವನ್ನು ತಡೆಯುವುದು ನಮ್ಮ ಕೈಯಲ್ಲಿ ಅರ್ಧ ಮಾತ್ರ ಇದೆ. ವೇದನೆಯಂತೂ ತಾನಾಗಿ ಏಳುತ್ತದೆ. ಅಲ್ಲಿಂದ ತೃಷ್ಣೆಗೆ, ಎಂದರೆ ಇನ್ನೂ ಬೇಕು, ಇದು ತೊಲಗಲಿ ಎಂಬ ಎಳೆತಕ್ಕೆ ದಾಟುವ ಜಾಗದಲ್ಲಿ ಮಾತ್ರ ಕೈ ಹಾಕಲು ಸಂದಿಯಿದೆ. ಸಾಧನೆ ಇರುವುದು ಆ ಸಂದಿಯಲ್ಲಿ.

ಉದಾಹರಣೆ ತೆಗೆದುಕೊಳ್ಳಿ. ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಲು ಕೇಂದ್ರ ಸರ್ಕಾರ 2022ರಲ್ಲಿ ಅನುಮತಿ ಕೊಟ್ಟ ಸುದ್ದಿ. (ಬೌದ್ಧರ ದೇಶದಿಂದಲೇ ಬರಬೇಕಿತ್ತಾ ಎಂದು ನಮ್ಮ ಬಳಗದಲ್ಲಿ ಒಬ್ಬರು ಗೊಣಗಿದ್ದುಂಟು.) ತೋಟವಿರುವವರು ಆ ಸಾಲು ಓದಿದೊಡನೆ ಹೊಟ್ಟೆಯಲ್ಲಿ ಏನೋ ಹಿಂಡುತ್ತದೆ, ದವಡೆ ಬಿಗಿಯುತ್ತದೆ, ಹೆಬ್ಬೆರಳು ಆಗಲೇ ಕೆಳಗಿನ ಜಗಳ ಓದಲು ಪರದೆ ತಿಕ್ಕುತ್ತಿರುತ್ತದೆ. ಅಲ್ಲಿ ಹೆಬ್ಬೆರಳನ್ನು ನಿಲ್ಲಿಸಿ. ಹೊಟ್ಟೆಯ ಹಿಂಡುವಿಕೆ ಎಲ್ಲಿದೆ, ಎಷ್ಟಗಲ ಇದೆ ಎಂದು ನೋಡಿ. ಮನಸ್ಸಿನಲ್ಲೇ "ಅಹಿತ" ಎಂದು ಹೆಸರಿಡಿ. ಮೂರು ಉಸಿರು ಅದರ ಜೊತೆಗೇ ಇರಿ. ನಂತರ ಆ ಸುದ್ದಿಯನ್ನು ಮತ್ತೊಮ್ಮೆ, ಪೂರ್ತಿ, ಓದಿ. ಎರಡನೆಯ ಸಲ ಓದುವಾಗ ಯಾವ ಷರತ್ತು, ಯಾವ ದಾರಿ, ನಮ್ಮ ಚಾಲಿಗೆ (ಒಣಗಿಸಿದ ಅಡಿಕೆಗೆ) ತಾಗುತ್ತದೋ ಇಲ್ಲವೋ ಎಂಬುದು ಕಣ್ಣಿಗೆ ಬೀಳುತ್ತದೆ. ಮೊದಲ ಸಲ ಓದಿದ್ದು ಹೊಟ್ಟೆ.

ಮೊದಮೊದಲು ಹತ್ತರಲ್ಲಿ ಒಂದು ಸಲ ನೆನಪಾದರೆ ದೊಡ್ಡದು. ಅಡಿಕೆ ಆರಿಸಲು ಹೊಸದಾಗಿ ಕೂತವರಿಗೆ ಕೆಂಪುಗೋಟು, ಬಿಳಿಗೋಟು, ಕೋಕಾ ಎಲ್ಲ ಒಂದೇ ಥರ ಕಂಡು, ಕೂರುತ್ತ ಕೂರುತ್ತ ಕೈಯೇ ಬೇರೆ ಮಾಡುತ್ತದಲ್ಲ, ಹಾಗೆ ಇದೂ ರೂಢಿಯಾಗುತ್ತದೆ.

ಉಸಿರು ನೋಡಿ ಅಂತೀರಿ. ಉಸಿರು ನೋಡಿದ್ರೆ ನಂಗೆ ಎದೆಬಡಿತ ಹೆಚ್ಚಾಗ್ತದೆ.

ಹಾಗಾದರೆ ಉಸಿರು ಬಿಟ್ಟುಬಿಡಿ. ಅಂಗಾಲು ನೆಲಕ್ಕೆ ತಾಗುವುದನ್ನು ಗಮನಿಸಿ, ನಡೆಯಿರಿ, ಕಣ್ಣು ತೆರೆದೇ ಇರಲಿ. ದೇಹದ ಭಾಗದಲ್ಲಿ ನಡೆಯುವುದು, ನಿಲ್ಲುವುದು, ಕೂರುವುದು, ಮಲಗುವುದು ನಾಲ್ಕನ್ನೂ ಸತಿಪಟ್ಠಾನ ಸುತ್ತ ಹೇಳುತ್ತದೆ. ಮೊದಲೇ ಗಾಬರಿಯ ಸ್ವಭಾವದವರಿಗೆ, ದೊಡ್ಡ ಆಘಾತ ಕಂಡವರಿಗೆ ಕಣ್ಣು ಮುಚ್ಚಿ ಬಹಳ ಹೊತ್ತು ಕೂರುವುದು ಕೆಲವೊಮ್ಮೆ ಒಗ್ಗುವುದಿಲ್ಲ. ಹಟ ಮಾಡಬೇಡಿ.

ದಿನಕ್ಕೆ ಎಷ್ಟು ಹೊತ್ತು ಸುದ್ದಿ ನೋಡ್ಬಹುದು?

ಗಡಿಯಾರದ ಲೆಕ್ಕ ನನ್ನ ಹತ್ತಿರ ಇಲ್ಲ. ಮುಗಿಯುವ ಸುದ್ದಿ ಆರಿಸಿ ಎಂದು ಮಾತ್ರ ಹೇಳುತ್ತೇನೆ. ಲೋಕಧ್ವನಿಯೋ ಕರಾವಳಿ ಮುಂಜಾವೋ ಕೈಗೆತ್ತಿಕೊಂಡರೆ ಕೊನೆಯ ಪುಟ ಬರುತ್ತದೆ. ಆಕಾಶವಾಣಿ ವಾರ್ತೆ ಮುಗಿದ ಮೇಲೆ ಹಾಡು ಬರುತ್ತದೆ. ಮೊಬೈಲಿನ ಪರದೆಗೆ ತಳವೇ ಇಲ್ಲ. ಬುದ್ಧ ಆಹಾರ ನಾಲ್ಕು ಬಗೆ ಎಂದಾಗ ತುತ್ತಿನ ಊಟದ ಜೊತೆ ಸ್ಪರ್ಶವನ್ನೂ ಆಹಾರವೆಂದು ಎಣಿಸಿದ್ದಾನೆ. ಕಣ್ಣು ಕಿವಿಯಿಂದ ಒಳಗಿಳಿದದ್ದೂ ಮೈಗೆ ಹತ್ತುತ್ತದೆ. ಹಾಸಿಗೆಯಲ್ಲಿ ಮಲಗಿ ಉಣ್ಣುವವರು ಯಾರೂ ಇಲ್ಲ, ಹಾಸಿಗೆಯಲ್ಲಿ ಸುದ್ದಿ ತಿನ್ನುವುದನ್ನೂ ಬಿಡಿ.

ನಮ್ಮ ಮನೆಯವ್ರು ಬೆಳಿಗ್ಗೆಯಿಂದ ರಾತ್ರಿವರೆಗೆ ನ್ಯೂಸ್ ಹಚ್ಚಿಡ್ತಾರೆ. ಬಂದ್ ಮಾಡಿ ಅಂದ್ರೆ ಜಗಳ.

ಬಂದ್ ಮಾಡಿ ಅನ್ನಬೇಡಿ. ಒಂದು ದಿನ ಹತ್ತು ನಿಮಿಷ ಪಕ್ಕದಲ್ಲಿ ಕೂತು ನೋಡಿ. ಆಮೇಲೆ "ಇದರಲ್ಲಿ ನಮಗೆ ಬೇಕಾದ್ದು ಎಂತ ಬಂತು?" ಎಂದು ಕೇಳಿ. ಚುಚ್ಚುವ ದನಿ ಬೇಡ. ಆವಾಜ ಕಡಿಮೆ ಮಾಡಲು ಒಪ್ಪಿದರೆ ಅದೇ ದೊಡ್ಡ ಗೆಲುವು; ಆ ಚಾನೆಲ್‌ಗಳ ಅರ್ಧ ವಿಷ ಸಂಗೀತದಲ್ಲಿದೆ. ಇನ್ನರ್ಧ ನಿವೃತ್ತ ಗಂಡಸರ ಖಾಲಿ ಮಧ್ಯಾಹ್ನದಲ್ಲಿದೆ. ಅದಕ್ಕೆ ಧ್ಯಾನಕ್ಕಿಂತ ತೋಟದ ಕೆಲಸ ಒಳ್ಳೆಯದು.

ಗ್ರೂಪಿಗೆ ಬಂದದ್ದನ್ನ ಮುಂದೆ ಕಳಿಸದಿದ್ರೆ, ನಾಳೆ ಏನಾದ್ರೂ ಆದ್ರೆ ನನ್ನ ತಲೆ ಮೇಲೆ ಬರ್ತದಲ್ಲ?

ಇದು ಕೆಟ್ಟ ಬುದ್ಧಿಯವರ ಪ್ರಶ್ನೆಯಲ್ಲ, ಕಾಳಜಿಯವರದು. ಸುಳ್ಳು ಸುದ್ದಿ ಹಬ್ಬುವುದೂ ಬಹಳ ಸಲ ಕಾಳಜಿಯ ಬೆನ್ನೇರಿಯೇ. ಮಳೆ ಜೋರಾದಾಗ "ಅಣೆಕಟ್ಟು ಒಡೆದಿದೆಯಂತೆ" ಎಂಬ ಒಂದು ಸಾಲು ಬಂದರೆ ದಂಡೆಯ ಊರಿನ ಮುದುಕರು, ಬಾಣಂತಿಯರು ಕತ್ತಲಲ್ಲಿ ಓಡಬೇಕು.

ಮಜ್ಝಿಮ ನಿಕಾಯದ ಅಭಯ ರಾಜಕುಮಾರ ಸುತ್ತದಲ್ಲಿ ಬುದ್ಧ ತನ್ನ ಮಾತಿಗೆ ತಾನೇ ಹಾಕಿಕೊಂಡ ಜರಡಿ ಹೇಳುತ್ತಾನೆ: ನಿಜವೋ, ಉಪಕಾರಿಯೋ, ಇದು ಅದಕ್ಕೆ ಹೊತ್ತೋ. ನಿಜವಾದರೂ ಉಪಕಾರವಿಲ್ಲದಿದ್ದರೆ ಆಡುವುದಿಲ್ಲ. ನಿಜವೂ ಉಪಕಾರಿಯೂ ಆಗಿ ಕೇಳುವವರಿಗೆ ಕಹಿಯಾದರೆ, ಹೊತ್ತು ನೋಡಿ ಆಡುತ್ತಾನೆ. ಎಂದರೆ ಕೆಟ್ಟ ಸುದ್ದಿ ಮುಚ್ಚಿಡು ಎಂದಿಲ್ಲ.

ಯಾರನ್ನು ನಂಬುವುದೆಂದು ಕೇಳಿದ ಕಾಲಾಮರೆಂಬ ಜನರಿಗೆ ಬುದ್ಧ ಹೇಳಿದ್ದು ಇನ್ನೂ ನೇರ: ಬಾಯಿಂದ ಬಾಯಿಗೆ ಬಂದದ್ದು, ಎಲ್ಲರೂ ಹೇಳುತ್ತಾರೆ ಎಂಬುದು ನಂಬಲು ಸಾಕಾಗುವುದಿಲ್ಲ. ಮುಂಡಗೋಡದ ಟಿಬೆಟನ್ ವಸತಿಯ ಡ್ರೆಪುಂಗ್, ಗಾಂದೆನ್ ಮಠಗಳ ಅಂಗಳದಲ್ಲಿ ಭಿಕ್ಷುಗಳು ಚರ್ಚೆ ಮಾಡುವುದನ್ನು ನೋಡಿದ್ದೀರಾ? ಕೇಳುವವನು ನಿಂತು ಕಾಲು ಅಪ್ಪಳಿಸಿ, ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಕೂತವನು ತನ್ನ ಮಾತನ್ನು ಸಮರ್ಥಿಸಿಕೊಳ್ಳಬೇಕು. ಗ್ರೂಪಿನಲ್ಲಿ ಚಪ್ಪಾಳೆ ತಟ್ಟಲಾಗದು, "ಇದು ಎಲ್ಲಿಂದ ಬಂತು ತಮ್ಮಾ?" ಎಂದು ಒಂದು ಸಾಲು ಹಾಕಬಹುದು. ಜಿಲ್ಲಾಡಳಿತದ ಪ್ರಕಟಣೆ ಸಿಗುವವರೆಗೆ ಬೆರಳು ಕಟ್ಟಿಕೊಳ್ಳಿ. ತೀರಾ ತುರ್ತು ಅನ್ನಿಸಿದರೆ ಗ್ರೂಪಿಗಿಂತ 112ಕ್ಕೆ ಫೋನ್ ಮಾಡುವುದು ಲೇಸು.

## ಭಾರದ ಸುದ್ದಿ

ಶಿರೂರಿನ ಗುಡ್ಡ ಕುಸಿದಾಗಿಂದ ಮಳೆ ಶಬ್ದಕ್ಕೇ ಹೆದರಿಕೆ. ನಮ್ಮ ಮನೆ ಹಿಂದೂ ಗುಡ್ಡ ಉಂಟು.

2024ರ ಜುಲೈ 16ರ ಆ ಬೆಳಿಗ್ಗೆ ಅಂಕೋಲಾ ತಾಲೂಕಿನ ಹೆದ್ದಾರಿಯ ಮೇಲೆ ಗುಡ್ಡ ಬಿದ್ದ ಮೇಲೆ ಗಂಗಾವಳಿ ದಂಡೆಯಿಂದ ವಾರಗಟ್ಟಲೆ ನೇರಪ್ರಸಾರ ನಡೆಯಿತು. ನದಿಯೊಳಗೆ ಹೋದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಅಷ್ಟು ದಿನ ದಿನಕ್ಕೆ ಹತ್ತು ಸಲ ಅದೇ ಗುಡ್ಡ ಬೀಳುವುದನ್ನು ನೋಡಿದವರು ನಮ್ಮಲ್ಲಿ ಬಹಳ.

ಸಲ್ಲ ಸುತ್ತದಲ್ಲಿ ಎರಡು ಬಾಣದ ಮಾತಿದೆ. ಮೈಗೆ ನೋವಾಗುವುದು ಒಂದು ಬಾಣ. ಅದರ ಸುತ್ತ ಗೋಳಾಡಿ, ಎದೆ ಬಡಿದುಕೊಂಡು ತಗಲಿಸಿಕೊಳ್ಳುವುದು ಎರಡನೆಯದು. ತಿಳಿದವನಿಗೆ ಒಂದೇ ಬಾಣ ತಾಗುತ್ತದೆ. ಈ ಮಾತನ್ನು ಬಹಳ ಜನ ಅವಸರದಲ್ಲಿ "ನಿಮ್ಮ ಹೆದರಿಕೆ ಬರೀ ಮನಸ್ಸಿನದು" ಎಂದು ತಿರುಗಿಸಿಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಗುಡ್ಡದ ಬುಡದಲ್ಲಿ ಮನೆಯಿದ್ದವರ ಹೆದರಿಕೆಯಲ್ಲಿ ಒಂದು ಪಾಲು ಮಾಹಿತಿ. ಗುಡ್ಡದಲ್ಲಿ ಹೊಸ ಬಿರುಕು ಕಂಡಿದೆಯಾ, ಒರತೆಯ ನೀರು ಒಮ್ಮೆಲೇ ಕೆಸರಾಗಿದೆಯಾ, ಮರ ವಾಲಿದೆಯಾ ಎಂದು ಹಗಲಲ್ಲಿ ನೋಡಿ, ಪಂಚಾಯತಿಗೆ ತಿಳಿಸಿ, ರೆಡ್ ಅಲರ್ಟ್ ದಿನ ಯಾರ ಮನೆಯಲ್ಲಿ ಮಲಗುವುದೆಂದು ಮೊದಲೇ ನಿಶ್ಚಯಿಸಿಡಿ. ಇಷ್ಟು ಮಾಡಿದ ಮೇಲೂ ರಾತ್ರಿ ಎರಡಕ್ಕೆ ಎದ್ದು ಹಳೇ ವಿಡಿಯೋ ಹುಡುಕಿ ನೋಡುತ್ತಿದ್ದರೆ, ಆ ವಿಡಿಯೋ ಎರಡನೆಯ ಬಾಣ. ಆಗ ಮಳೆ ಶಬ್ದವನ್ನೇ ಕೇಳಿ: ಹೆಂಚಿನ ಮೇಲೆ ಬೇರೆ, ಬಾಳೆ ಎಲೆ ಮೇಲೆ ಬೇರೆ, ಅಂಗಳದಲ್ಲಿ ಬೇರೆ.

ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಧ್ಯಾನವನ್ನು ಬದಿಗಿಟ್ಟು ವೈದ್ಯರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಯುದ್ಧದಲ್ಲಿ ಸತ್ತ ಮಕ್ಕಳ ಚಿತ್ರ ನೋಡಿ ಅಳು ಬರ್ತದೆ. ನೋಡದಿದ್ರೆ ನಾನು ಕಲ್ಲಾದೆನಾ ಅನ್ನಿಸ್ತದೆ.

ಭಟ್ಕಳ, ಹೊನ್ನಾವರದ ಎಷ್ಟೋ ಮನೆಯ ಮಕ್ಕಳು ಗಲ್ಫಿನಲ್ಲಿದ್ದಾರೆ, ಹಾಗಾಗಿ ದೂರದ ಯುದ್ಧ ನಮಗೆ ಅಷ್ಟು ದೂರವೂ ಅಲ್ಲ. ಐದನೆಯ ಶತಮಾನದ ಬೌದ್ಧ ವ್ಯಾಖ್ಯಾನಕಾರ ಬುದ್ಧಘೋಷ ವಿಸುದ್ಧಿಮಗ್ಗ ಎಂಬ ತನ್ನ ಗ್ರಂಥದಲ್ಲಿ ಕರುಣೆಗೆ ಇಬ್ಬರು ವೈರಿಗಳನ್ನು ಹೇಳುತ್ತಾನೆ. ದೂರದ ವೈರಿ ಕ್ರೌರ್ಯ. ಅದನ್ನು ಯಾರಾದರೂ ಗುರುತಿಸುತ್ತಾರೆ. ಹತ್ತಿರದ ವೈರಿ ಶೋಕ. ಅದು ಕರುಣೆಯ ಉಡುಪಿನಲ್ಲೇ ಬರುತ್ತದೆ. ಬೇರೆ ಮಾಡಲು ನಾನು ನೋಡುವುದು ಇಷ್ಟು: ಗಮನ ಆ ಮಗುವಿನ ಮೇಲಿದೆಯೋ, ನನ್ನ ಕಣ್ಣೀರಿನ ಮೇಲೆ ಬಂದು ನಿಂತಿದೆಯೋ? ಮುಂದಿನ ಚಿತ್ರಕ್ಕೆ ಕೈ ಹೋಗುತ್ತಿದ್ದರೆ ಶೋಕ ಹಸಿದಿದೆ ಎಂದರ್ಥ.

ಒಂದು ಚಿತ್ರ ಸಾಕು. ಮೊಬೈಲ್ ಕವುಚಿಡಿ. ಟಿಬೆಟಿನವರು ತೊಂಗ್‌ಲೆನ್ ಎನ್ನುವ ಅಭ್ಯಾಸದಲ್ಲಿ ಉಸಿರು ಒಳಗೆಳೆಯುವಾಗ ಅವರ ಸಂಕಟವನ್ನು ತೆಗೆದುಕೊಂಡಂತೆ, ಹೊರಬಿಡುವಾಗ ನೆಮ್ಮದಿ ಕಳಿಸಿದಂತೆ ಭಾವಿಸುತ್ತಾರೆ. ಆ ಒಬ್ಬ ಮಗುವಿಗೆ, ಎತ್ತಿಕೊಂಡು ಓಡುತ್ತಿರುವ ಆ ಒಬ್ಬರಿಗೆ ಮಾಡಿ. ಇಡೀ ಜಗತ್ತಿಗೆ ಒಮ್ಮೆಲೇ ಮಾಡಲು ಹೋದರೆ ಬರೀ ಮಾತಾಗುತ್ತದೆ. ಆಮೇಲೆ ಕೊಡಬಹುದಾದ್ದು ಇದ್ದರೆ ಕೊಡಿ.

1959ರ ನಂತರ ಟಿಬೆಟ್ ಬಿಟ್ಟು ಬಂದವರಿಗಾಗಿ 1966ರಲ್ಲಿ ಮುಂಡಗೋಡದ ವಸತಿ ಶುರುವಾಯಿತು. ಅಲ್ಲಿನ ಹಿರಿಯರಿಗೆ ತಮ್ಮ ನಾಡಿನಿಂದ ಒಳ್ಳೆಯ ಸುದ್ದಿ ಬಂದದ್ದು ಕಡಿಮೆ. ಆದರೂ ಅವರು ಕೇಳುವುದನ್ನು ಬಿಟ್ಟಿಲ್ಲ, ಗದ್ದೆ ಉಳುವುದನ್ನೂ ಬಿಟ್ಟಿಲ್ಲ.

ನಮ್ಮ ಪಕ್ಷ ಸೋತ ದಿನ ನಿದ್ದೆ ಇಲ್ಲ. ಗೆದ್ದ ದಿನವೂ ಇಲ್ಲ!

ಎರಡನೆಯದನ್ನು ನೀವೇ ಗಮನಿಸಿದ್ದೀರಿ, ಅರ್ಧ ದಾರಿ ಬಂದಿರಿ. ಲಾಭ ಅಲಾಭ, ಯಶ ಅಪಯಶ, ನಿಂದೆ ಪ್ರಶಂಸೆ, ಸುಖ ದುಃಖ ಎಂಟೂ ಲೋಕದ ಜೊತೆ ತಿರುಗುತ್ತವೆ ಎಂದು ಒಂದು ಸುತ್ತ ಹೇಳುತ್ತದೆ. ಸಾಧಕರು ಸಿಟ್ಟು ತರುವ ಸುದ್ದಿಯ ಬಗ್ಗೆ ಮಾತ್ರ ಎಚ್ಚರವಾಗಿರುತ್ತಾರೆ, ಎದುರಾಳಿ ಸಿಕ್ಕಿಬಿದ್ದ ಸುದ್ದಿಯ ಸಿಹಿಯ ಬಗ್ಗೆ ಎಚ್ಚರವಿರುವುದಿಲ್ಲ. ಅಲ್ಲಿ "ಹಿತ" ಎಂದು ಹೆಸರಿಡಲು ನೆನಪಾದರೆ ನೀವು ನನಗಿಂತ ಮುಂದಿದ್ದೀರಿ.

## ಆಳಕ್ಕೆ ಇಳಿದವರು ಕೇಳಿದ್ದು

ಸಮಚಿತ್ತ ಅಂದ್ರೆ ಕೈಕಟ್ಟಿ ಕೂರೂದು ಅಲ್ದಾ? ಬೇಡ್ತಿ ಹೊಳೆ ನೀರು ತಿರುಗಿಸ್ತಾರಂತೆ, ನಾವು ಉಸಿರು ನೋಡ್ತಾ ಕೂರ್ಬೇಕಾ?

ಸಮಚಿತ್ತವನ್ನೇ ಬೌದ್ಧರು ಉಪೇಕ್ಷೆ ಎನ್ನುತ್ತಾರೆ, ಅದಕ್ಕೂ ಬುದ್ಧಘೋಷ ಹತ್ತಿರದ ವೈರಿಯನ್ನು ಹೇಳಿದ್ದಾನೆ: ಅರಿವಿಲ್ಲದ ಉದಾಸೀನ. "ನಂಗೆ ಎಂತ ಆಗ್ಬೇಕು" ಎಂಬುದನ್ನು ಶಾಂತಿಯೆಂದು ತಿಳಿಯುವ ಅಪಾಯ ಎಲ್ಲ ಕಾಲಕ್ಕೂ ಇದೆ. ಧ್ಯಾನಕ್ಕೆ ಕೂತವರಿಗೆ ತುಸು ಹೆಚ್ಚೇ ಇದೆ.

ವಿಯೆಟ್ನಾಂ ಯುದ್ಧದ ಹೊತ್ತಿನಲ್ಲಿ ಅಲ್ಲಿನ ಭಿಕ್ಷು ತಿಕ್ ನಾತ್ ಹಾನ್ ಮತ್ತು ಅವರ ಸಂಗಡಿಗರು ಬಾಂಬು ಬಿದ್ದ ಹಳ್ಳಿಗಳಿಗೆ ಹೋಗಿ ಮನೆ ಕಟ್ಟಿಕೊಟ್ಟರು. ಯಾವ ಕಡೆಯನ್ನೂ ಹಿಡಿಯದೆ ಶಾಂತಿ ಕೇಳಿದ್ದಕ್ಕೆ ಅವರು ದಶಕಗಟ್ಟಲೆ ತಾಯ್ನಾಡಿನಿಂದ ಹೊರಗಿರಬೇಕಾಯಿತು. ನಮ್ಮಲ್ಲಿ ನೋಡಿ: 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯವರು ಕಾಡಿಗೆ ಹೋಗಿ, ಕಡಿಯುವುದನ್ನು ತಡೆಯಲು ಮರ ಅಪ್ಪಿದರು. ಅವರು ಬೌದ್ಧರೇನಲ್ಲ. ಕೊಡಲಿ ಹಿಡಿದವನೂ ಕೂಲಿಯವನೇ ಎಂದು ತಿಳಿದು ಅವನನ್ನು ಬೈಯುವುದಕ್ಕಿಂತ ಮರವನ್ನು ಹಿಡಿದುಕೊಳ್ಳುವುದರಲ್ಲಿ ಎಷ್ಟು ಸಮಚಿತ್ತ ಬೇಕು, ಯೋಚಿಸಿ.

ಬೇಡ್ತಿಯ ಸಭೆಗೆ ಹೋಗಿ, ಅರ್ಜಿ ಬರೆಯಿರಿ, ಯೋಜನಾ ವರದಿ ಓದಿ. ವರದಿ ಓದಲು ಸ್ಮೃತಿ ಬೇಕೇ ಬೇಕು, ಅಷ್ಟು ಒಣ ಸಾಹಿತ್ಯ ಅದು. ಸಿಟ್ಟು ಬಂದರೆ ಬರಲಿ. ಸಿಟ್ಟು ಬಂದಿದೆ ಎಂದು ಗೊತ್ತಿದ್ದವನು ಸಭೆಯಲ್ಲಿ ವಿಷಯ ಬಿಟ್ಟು ಹೋಗುವುದಿಲ್ಲ, ಗೊತ್ತಿಲ್ಲದವನು ಮೈಕ್ ಬಿಡುವುದಿಲ್ಲ.

ಪೇಪರ್ ಮಡಚಿಟ್ಟ ಮೇಲೂ ತಲೆಯೊಳಗೆ ವಾದ ನಡೀತಾನೇ ಇರ್ತದೆ. ಸ್ನಾನ ಮಾಡುವಾಗಲೂ!

ಇದಕ್ಕೆ ಮಧುಪಿಂಡಿಕ ಸುತ್ತ ಓದಬೇಕು. ಏನನ್ನು ವೇದಿಸುತ್ತೇವೋ ಅದನ್ನು ಗುರುತಿಸುತ್ತೇವೆ, ಗುರುತಿಸಿದ್ದನ್ನು ಚಿಂತಿಸುತ್ತೇವೆ, ಚಿಂತಿಸಿದ್ದನ್ನು ಹಬ್ಬಿಸುತ್ತೇವೆ. ಹಬ್ಬಿಸಿದ್ದು ತಿರುಗಿ ಬಂದು ನಮ್ಮನ್ನೇ ಮುತ್ತುತ್ತದೆ. ಇದನ್ನು ಪಾಳಿಯಲ್ಲಿ ಪಪಂಚ, ಎಂದರೆ ಪ್ರಪಂಚ, ಎನ್ನುತ್ತಾರೆ; ಇಲ್ಲಿ ಲೋಕ ಎಂಬ ಅರ್ಥವಲ್ಲ, ಹಬ್ಬುವಿಕೆ ಎಂಬ ಅರ್ಥ. ಆ ವಾದದಲ್ಲಿ ನೀವು ಯಾವಾಗಲೂ ಗೆಲ್ಲುತ್ತೀರಿ, ಅಲ್ಲವೇ? ಎದುರಿನವನ ಮಾತನ್ನೂ ನೀವೇ ಬರೆದಿರುತ್ತೀರಿ. ವಾದವನ್ನು ನಿಲ್ಲಿಸಲು ಹೋದರೆ ಇನ್ನೊಂದು ವಾದ ಹುಟ್ಟುತ್ತದೆ. ಕೆಳಗಿನ ಮೆಟ್ಟಿಲಿಗೆ ಇಳಿಯಿರಿ: ಮಾತನ್ನು ಬಿಟ್ಟು ಅದರ ಅಡಿಯಲ್ಲಿರುವ ವೇದನೆಗೆ, ಅಲ್ಲಿಂದ ಚೊಂಬಿನ ನೀರು ಬೆನ್ನಿಗೆ ತಾಗುವ ಸ್ಪರ್ಶಕ್ಕೆ. ಮತ್ತೆ ಶುರುವಾಗುತ್ತದೆ. ಮತ್ತೆ ಇಳಿಯಿರಿ.

ಎಲ್ಲ ಅನಿತ್ಯ ಅಂದ್ಮೇಲೆ ಸುದ್ದಿಗೆ ಬೆಲೆ ಎಲ್ಲಿ ಬಂತು?

ಕಪಾಟಿನ ತಳಕ್ಕೆ ಹಾಸಿದ ಹಳೆಯ ಪೇಪರನ್ನು ತೆಗೆದು ಓದಿ. ನಿದ್ದೆಗೆಡಿಸಿದ್ದ ಎಷ್ಟು ಹೆಸರುಗಳು ಈಗ ನೆನಪಿಗೇ ಬರುವುದಿಲ್ಲ! ಆದರೆ ಅದೇ ಪುಟದ ಮೂಲೆಯಲ್ಲಿ ಹಳ್ಳ ದಾಟುವ ಒಂದು ಕಾಲುಸಂಕದ (ಕಿರುಸೇತುವೆಯ) ಬೇಡಿಕೆಯ ನಾಲ್ಕು ಸಾಲು ಇರುತ್ತದೆ, ಆ ಸಂಕ ಇನ್ನೂ ಆಗಿರುವುದಿಲ್ಲ. ಬದಲಾಗುವುದನ್ನೂ ಬದಲಾಗದೆ ಕೂತದ್ದನ್ನೂ ಎರಡನ್ನೂ ನೋಡಲು ಬರಬೇಕು. ಅನಿತ್ಯವೆಂದರೆ ಸಂಕ ಕಟ್ಟಿದರೆ ಆದೀತು ಎಂದೂ ಹೌದು.

ಇನ್ನೂ ಸರಿಯಾಗಿ ಕಲೀಬೇಕು. ಎಲ್ಲಿಗೆ ಹೋಗೂದು?

ಮುಂಡಗೋಡದ ಮಠಗಳಿಗೆ ಹೋಗಿ ಪ್ರಾರ್ಥನೆ, ಚರ್ಚೆ ನೋಡಿ ಬರಬಹುದು. ಅಲ್ಲಿನ ಪಾಠ ಟಿಬೆಟನ್ ಭಾಷೆಯಲ್ಲಿ, ವರ್ಷಗಟ್ಟಲೆ ಓದು. ವಿದೇಶಿ ಗೆಳೆಯರನ್ನು ಕರೆದೊಯ್ಯುವುದಾದರೆ ಅವರಿಗೆ ಮೊದಲೇ ಪರವಾನಗಿ ಬೇಕು. ಸಂಸಾರಸ್ಥರಿಗೆ ಒಗ್ಗುವುದು ಸತ್ಯನಾರಾಯಣ ಗೋಯೆಂಕಾ ಅವರ ಪರಂಪರೆಯ ಹತ್ತು ದಿನದ ವಿಪಶ್ಯನಾ ಶಿಬಿರ. ಶುಲ್ಕವಿಲ್ಲ, ಹಿಂದೆ ಕಲಿತವರ ದಾನದಲ್ಲಿ ನಡೆಯುತ್ತದೆ. ಹೋದೊಡನೆ ಮೊಬೈಲ್ ಒಪ್ಪಿಸಬೇಕು, ಪೇಪರ್ ಇಲ್ಲ, ಪಕ್ಕದವರ ಜೊತೆ ಮಾತಿಲ್ಲ. ಮನೆಯಲ್ಲಿ ತುರ್ತಾದರೆ ತಿಳಿಸಲು ಶಿಬಿರದ ಫೋನ್ ನಂಬರ್ ಕೊಟ್ಟು ಹೋಗಿ. ತೋಟದವರು ಅಡಿಕೆ ಕೊನೆಕೊಯ್ಲಿನ ತಿಂಗಳಲ್ಲಿ ಹೆಸರು ಕೊಡಬೇಡಿ, ಮನೆಯವರ ಬೈಗುಳ ಹತ್ತು ದಿನವೂ ಕಿವಿಯಲ್ಲೇ ಇರುತ್ತದೆ.